ಓಡುತ್ತಾ ಬೊಗಳುವ ಬೇಟೆನಾಯಿ: ಯಾವ ದಾರಿ ಯಾರಿಗೆ?

ರಾಗಿ ಕೊಯ್ಲಾಗಿ ಕೂಳೆ ಮಾತ್ರ ಉಳಿದಿದ್ದ ಹೊಲ. ಬೆಳಿಗ್ಗೆ ಆರೂವರೆ. ಬದುವಿನ ಹುಲ್ಲಿನಿಂದ ಒಂದು ಮೊಲ ಎದ್ದಿತು. ನನ್ನ ಕಾಲ ಹತ್ತಿರವೇ ಇದ್ದ ನನ್ನ ನಾಯಿ ಕೆಂಚಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಲದ ನಡುವೆ ಇದ್ದಳು. ಮುಧೋಳ ನಾಯಿ ಸಾಕಿದವರಿಗೆ ಇದೇನೂ ಹೊಸದಲ್ಲ. ನನಗೆ ಹೊಸದೆನಿಸಿದ್ದು ಅವಳ ದನಿ. ಪ್ರತಿ ನೆಗೆತಕ್ಕೂ ಒಂದು "ಕಂಯ್". ಚೂಪಾದ, ಎತ್ತರದ ಕೂಗು. ಮೊಲ ಲಂಟಾನ ಬೇಲಿಯೊಳಗೆ ನುಗ್ಗಿ ಮಾಯವಾಯಿತು. ಕೆಂಚಿ ಬೇಲಿಯ ಮುಂದೆ ನಿಂತು, ಮೈಯೆಲ್ಲ ನಡುಗಿಸುತ್ತಾ ಇನ್ನೂ ಜೋರಾಗಿ ಕೂಗಿದಳು.

ಪಕ್ಕದ ತೋಟದಲ್ಲಿ ನೀರು ತಿರುಗಿಸುತ್ತಿದ್ದ ಅಜ್ಜ ಗುದ್ದಲಿ ಊರಿ ನಿಂತು ನೋಡಿದರು. "ಮುಧೋಳದ್ದು ಅಂದ್ಯಲ್ಲಪ್ಪಾ, ಓಡೋವಾಗ ಬಾಯಿ ಬಿಡಬಾರದು ಅದು. ಏನೋ ಕೆಟ್ಟೈತೆ" ಅಂದರು.

ಅಜ್ಜ ಹೇಳಿದ್ದು ಸರಿ. ಆದರೆ ಏನು ಕೆಟ್ಟಿದೆ ಅಂತ ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಜನ ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಹಗ್ಗ, ಸೀಟಿ, ಶಾಕ್ ಕಾಲರ್, ಬೇಲಿ, ಗೆಜ್ಜೆ, ಎಲ್ಲವೂ ಆಯಿತು. ಕೆಲವು ಕೆಲಸ ಮಾಡಿದವು. ಒಂದು ನನ್ನ ನಾಯಿಯನ್ನೇ ಕೆಡಿಸಿತು. ಇದೇ ತೊಂದರೆಯಲ್ಲಿರುವ ಬೇರೆಯವರು ಆ ತಪ್ಪು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಇದು ಸದ್ದಿಲ್ಲದೆ ಮೊಲ ಹಿಡಿಯುವ ನಾಯಿಯನ್ನು ತಯಾರು ಮಾಡುವ ಬರಹವಲ್ಲ. ನಮ್ಮಲ್ಲಿ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ನಾಯಿ ಬಿಟ್ಟು ಬೆನ್ನಟ್ಟಿಸುವುದು, ಉರುಳು ಹಾಕುವುದು, ಎಬ್ಬಿಸಿ ಓಡಿಸುವುದು, ಇವಕ್ಕೆಲ್ಲ ಪ್ರಯತ್ನಪಡುವುದೂ ಬೇಟೆಯೇ. ತಿಪಟೂರು, ಅರಸೀಕೆರೆ ಕಡೆ ತೋಟದಲ್ಲಿ ನವಿಲು ಕೋಳಿಯಂತೆ ಓಡಾಡುತ್ತವೆ. ಅದು ರಾಷ್ಟ್ರಪಕ್ಷಿ, ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. "ನಾನು ಬಿಡಲಿಲ್ಲ ಸಾರ್, ನಾಯಿ ತಾನೇ ಓಡಿತು" ಅನ್ನುವುದು ಒಂದು ಸಲ ನಡೆದೀತು, ದಿನಾ ನಡೆಯುವುದಿಲ್ಲ. ಕಾನೂನು ಪಕ್ಕಕ್ಕಿಟ್ಟರೂ, ಆ ಮೊಲಕ್ಕೂ ಬದುಕಬೇಕಲ್ವಾ?

ಹಾಗಾಗಿ ಇಲ್ಲಿ ಹೋಲಿಸುತ್ತಿರುವುದು ಎರಡು ಗುರಿಗಳಿಗಾಗಿ. ನಾಯಿಯ ಓಟ ನಿಲ್ಲಬೇಕು, ಇಲ್ಲವೇ ಬೇರೆ ಕಡೆ ತಿರುಗಬೇಕು. ಓಟದ ಜೊತೆ ಬರುವ ಬೊಗಳು ತಾನಾಗೇ ಇಳಿಯಬೇಕು. ಬರೀ ಬೊಗಳು ನಿಲ್ಲಿಸಿ ಓಟ ಉಳಿಸಿಕೊಂಡರೆ ಅಪಾಯವೇ ಜಾಸ್ತಿ. ಸದ್ದಿಲ್ಲದೆ ಓಡಿದ ನಾಯಿ ಯಾವ ಬಾವಿಯ ಹತ್ತಿರ ಇದೆ, ಯಾರ ಹೊಲದ ಉರುಳಿಗೆ ಸಿಕ್ಕಿದೆ ಅನ್ನುವುದೂ ತಿಳಿಯುವುದಿಲ್ಲ.

ಮೊದಲು ಬೊಗಳು ಯಾವುದು ನೋಡಿ

ನಾಲ್ಕು ದಿನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮನೆಗೆ ಬಂದು ಕೂತು ಕೇಳಿ. ಕಣ್ಣೆದುರು ನಾಯಿ ಓಡುವಾಗ ನಮಗೂ ಗಾಬರಿ, ಏನೂ ಸರಿಯಾಗಿ ಕೇಳಿಸಿರುವುದಿಲ್ಲ.

ಕೆಂಚಿಯದ್ದು ಹತಾಶೆಯ ಬೊಗಳು. ಎತ್ತರದ ದನಿ, ಚೂರು ಚೂರು. ಬೇಟೆ ದೂರವಾದಷ್ಟೂ ಜೋರು. ಮುಧೋಳ, ಪಶ್ಮಿ, ಚಿಪ್ಪಿಪಾರೈ ತರಹದ ನಾಯಿಗಳು ಕಣ್ಣಿಂದ ನೋಡಿ ಓಡುವ ಜಾತಿ. ಇವು ಸಹಜವಾಗಿ ಸದ್ದಿಲ್ಲದೆ ಓಡುತ್ತವೆ, ಉಸಿರೆಲ್ಲ ಓಟಕ್ಕೇ ಬೇಕು. ಇಂಥ ನಾಯಿ ಓಟದಲ್ಲಿ ಕೂಗುತ್ತಿದೆ ಅಂದರೆ ಸಾಮಾನ್ಯವಾಗಿ ಕಾರಣ ಇವುಗಳಲ್ಲೊಂದು: ಮರಿ ಇದ್ದಾಗಲೇ ತನ್ನ ಕೈಲಾಗದ್ದರ ಹಿಂದೆ ಓಡಿದೆ, ಓಡಿ ಓಡಿ ಪ್ರತಿ ಸಲ ಸೋತಿದೆ, ಬೊಗಳುವ ನಾಯಿಗಳ ಜೊತೆ ಓಡಿ ಕಲಿತಿದೆ, ಇಲ್ಲವೇ ಬೇರೆ ಜಾತಿಯ ರಕ್ತ ಸೇರಿದೆ. ಕೆಂಚಿಯನ್ನು ನಾನು ಏಳು ತಿಂಗಳಿಗೇ ಹೊಲಕ್ಕೆ ಬಿಟ್ಟಿದ್ದೆ, ಅದೂ ಕೇರಿಯ ಎರಡು ನಾಯಿಗಳ ಜೊತೆ. ತಪ್ಪು ನನ್ನದೇ.

ಬೀಗಲ್ ತರಹದ, ವಾಸನೆ ಹಿಡಿದು ಓಡುವ ನಾಯಿಯ ಕಥೆಯೇ ಬೇರೆ. ಅದು ಮೂಗು ನೆಲಕ್ಕಿಟ್ಟು, ಜಾಡು ಸಿಕ್ಕ ಕೂಡಲೇ ಉದ್ದವಾಗಿ ಊಳಿಡುತ್ತದೆ. ಮುಂದೆ ಪ್ರಾಣಿ ಕಾಣಿಸಲೇಬೇಕು ಅಂತಿಲ್ಲ. ಹಿಂದೆ ಬರುವ ಬೇಟೆಗಾರನಿಗೆ ಕೇಳಿಸಲಿ ಅಂತಲೇ ತಲೆಮಾರುಗಟ್ಟಲೆ ಆ ದನಿಯನ್ನು ಆರಿಸಿ ಬೆಳೆಸಿದ್ದಾರೆ. ಅದು ದೋಷವಲ್ಲ, ಹುಟ್ಟುಗುಣ.

ಮೂರನೆಯದು ನಿಂತ ಬೊಗಳು. ಕೋತಿ ಮರ ಹತ್ತಿತು, ಉಡ ಬಿಲ ಸೇರಿತು, ಹಂದಿ ತಿರುಗಿ ನಿಂತಿತು. ನಾಯಿಯೂ ನಿಂತು ಒಂದೇ ತಾಳದಲ್ಲಿ ಭೌ ಭೌ ಅನ್ನುತ್ತದೆ. ನಾಲ್ಕನೆಯದು ಹಗ್ಗದಲ್ಲಿ ಹಿಡಿದಾಗಿನ ಬೊಗಳು. ಬಿಟ್ಟ ಕೂಡಲೇ ಸುಮ್ಮನಾಗುತ್ತದೆ ಅಂದರೆ ಅದು ಇದೇ.

ಇಷ್ಟು ದಿನ ಸುಮ್ಮನೆ ಓಡುತ್ತಿದ್ದ ದೊಡ್ಡ ನಾಯಿ ಇದ್ದಕ್ಕಿದ್ದಂತೆ ಓಟದಲ್ಲಿ ಕಿರುಚಲು ಶುರುಮಾಡಿದರೆ ಈ ಯಾವ ಪಟ್ಟಿಯನ್ನೂ ನೋಡಬೇಡಿ. ಮೊದಲು ಪಶುವೈದ್ಯರಿಗೆ ತೋರಿಸಿ. ಕಾಲು, ಬೆನ್ನು, ಉಗುರು, ಎಲ್ಲಾದರೂ ನೋವಿರಬಹುದು.

ಉದ್ದ ಹಗ್ಗ ಮತ್ತು ಸೀಟಿ

ಎಲ್ಲರಿಗೂ ಹೊಂದುವ ದಾರಿ ಇದು. ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು.

ಹತ್ತರಿಂದ ಹದಿನೈದು ಮೀಟರ್ ಹಗ್ಗ. ನೈಲಾನ್ ಹಗ್ಗ ಅಗ್ಗ, ಆದರೆ ಕೈ ಸುಡುತ್ತದೆ. ನಾನು ಹಳೆಯ ನೂಲಿನ ಹಗ್ಗ ಬಳಸಿದೆ. ಹಗ್ಗವನ್ನು ಕುತ್ತಿಗೆ ಬೆಲ್ಟಿಗೆ ಕಟ್ಟಲೇಬೇಡಿ. ಮುಧೋಳ ನಾಯಿಯ ಕುತ್ತಿಗೆ ಉದ್ದ, ತಲೆ ಸಣ್ಣದು. ಮಾಮೂಲಿ ಬೆಲ್ಟು ಹಿಂದಕ್ಕೆ ಜಗ್ಗಿದರೆ ಜಾರಿ ಬರುತ್ತದೆ. ಜಾರದಿದ್ದರೆ ಇನ್ನೂ ಕೆಟ್ಟದ್ದು. ಪೂರ್ತಿ ವೇಗದಲ್ಲಿ ಹಗ್ಗದ ಕೊನೆ ಮುಟ್ಟಿದ ನಾಯಿಯ ಕುತ್ತಿಗೆ ಏನಾಗಬೇಕು ಹೇಳಿ. ಎದೆಗೆ ಹಾಕುವ ಹಾರ್ನೆಸ್‌ನ ಬೆನ್ನಿನ ಕೊಂಡಿಗೆ ಕಟ್ಟಿ. ಹಗ್ಗದ ನಡುವೆ ಒಂದು ಮೊಳ ಸೈಕಲ್ ಟ್ಯೂಬ್ ಸೇರಿಸಿ. ಜಗ್ಗಿದಾಗ ಟ್ಯೂಬ್ ಹಿಗ್ಗುತ್ತದೆ, ಹೊಡೆತ ನಾಯಿಗೂ ತಗಲುವುದಿಲ್ಲ, ನಿಮ್ಮ ಭುಜಕ್ಕೂ ತಗಲುವುದಿಲ್ಲ. ಟ್ಯೂಬ್ ಹರಿದರೂ ನಾಯಿ ತಪ್ಪಿಸಿಕೊಳ್ಳದ ಹಾಗೆ ಹಗ್ಗ ಅದರ ಪಕ್ಕದಲ್ಲಿ ಸಡಿಲವಾಗಿ ಉಳಿದಿರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋದೀತು.

ಇನ್ನು ಸೀಟಿ. ಮೊದಲ ಹದಿನೈದು ದಿನ ಮನೆಯ ಅಂಗಳದಲ್ಲಿ ಮಾತ್ರ. ಊದಿ, ಕೊಡಿ. ಊದಿ, ಕೊಡಿ. ಬೇಯಿಸಿದ ಕೋಳಿ ಈಲಿಯ ಚೂರು. ಬಿಸ್ಕತ್ತು ಸಾಲದು. ಮೊಲದ ಎದುರು ಬಿಸ್ಕತ್ತು ಯಾವ ಲೆಕ್ಕ? ದಿನಕ್ಕೆ ಹದಿನೈದು ಇಪ್ಪತ್ತು ಸಲ. ಆಮೇಲೆ ತೋಟ, ಆಮೇಲೆ ಖಾಲಿ ಹೊಲ, ಕೊನೆಗೆ ಮೊಲ ಏಳುವ ಹೊಲ. ಎಲ್ಲಾ ಕಡೆಯೂ ಹಗ್ಗದಲ್ಲೇ.

ನಾಯಿ ಓಡಿದ ಮೇಲೆ ಸೀಟಿ ಊದಿದರೆ ಉಪಯೋಗವಿಲ್ಲ. ಓಡುವ ಮುಂಚೆ ಒಂದು ಗಳಿಗೆ ಇರುತ್ತದೆ. ಕಿವಿ ನೆಟ್ಟಗಾಗುತ್ತದೆ, ಬಾಲ ಗಟ್ಟಿಯಾಗುತ್ತದೆ, ಮುಂಗಾಲು ಒಂದು ಮೇಲೇಳುತ್ತದೆ. ಸೀಟಿ ಅಲ್ಲಿ ಬೀಳಬೇಕು. ಈ ಗಳಿಗೆಯನ್ನು ಗುರುತಿಸಲು ನನಗೆ ಎರಡು ತಿಂಗಳು ಬೇಕಾಯಿತು. ಕೆಂಚಿ ಮಾಮೂಲಿ ಮೊಲಕ್ಕೆ ಸೀಟಿ ಕೇಳಿ ತಿರುಗಲು ನಾಲ್ಕು ತಿಂಗಳು ಹಿಡಿಯಿತು.

ಇನ್ನೊಂದು. ನಾಯಿ ತಪ್ಪಿಸಿಕೊಂಡು ಓಡಿ, ಅರ್ಧ ಗಂಟೆ ಬಿಟ್ಟು ನಾಲಗೆ ಚಾಚಿಕೊಂಡು ಬಂದರೆ ಹೊಡೆಯಬೇಡಿ. ಕೋಪ ಬರುತ್ತದೆ, ನನಗೂ ಬಂದಿತ್ತು. ಆದರೆ ಅದಕ್ಕೆ ಓಡಿದ್ದಕ್ಕೆ ಹೊಡೆತ ಅಂತ ಅರ್ಥವಾಗುವುದಿಲ್ಲ, ಮನೆಗೆ ಬಂದಿದ್ದಕ್ಕೆ ಹೊಡೆತ ಅಂತ ಅರ್ಥವಾಗುತ್ತದೆ. ಮುಂದಿನ ಸಲ ಇನ್ನೂ ತಡವಾಗಿ ಬರುತ್ತದೆ.

ಚಿಂದಿ ಓಟ

ಹಗ್ಗ ಓಟವನ್ನು ತಡೆಯುತ್ತದೆ. ಹತಾಶೆಯನ್ನು ತೆಗೆಯುವುದಿಲ್ಲ. ಕೆಂಚಿಯ ವಿಷಯದಲ್ಲಿ ನಾನು ಹಗ್ಗ ಮಾತ್ರ ಬಳಸಿದ ಮೊದಲ ತಿಂಗಳು ಬೊಗಳು ಜಾಸ್ತಿಯಾಯಿತು.

ಇಂಗ್ಲೆಂಡಿನಲ್ಲಿ ಗ್ರೇಹೌಂಡ್ ಜೊತೆ ಕುರಿನಾಯಿಯನ್ನೋ ಟೆರಿಯರನ್ನೋ ಕೂಡಿಸಿ ಲರ್ಚರ್ ಅನ್ನುವ ಓಟದ ನಾಯಿ ಮಾಡುತ್ತಾರೆ. ಓಡುತ್ತಾ ಬೊಗಳುವುದನ್ನು ಅವರೂ ದೊಡ್ಡ ದೋಷ ಅಂತಲೇ ನೋಡುತ್ತಾರೆ. ಅವರ ಮದ್ದು ಏನೆಂದರೆ, ಕೆಲವು ವಾರ ಓಟ ನಿಲ್ಲಿಸು, ಆಮೇಲೆ ಒಂಟಿಯಾಗಿ ಬಿಡು, ಸುಲಭಕ್ಕೆ ಸಿಗುವ, ರ‍್ಯಾಬಿಟ್ ಅನ್ನುವ ಅಲ್ಲಿನ ಕಾಡುಮೊಲವನ್ನೇ ಕೊಡು, ನಾಯಿ ಗೆಲ್ಲಲಿ. ಗೆದ್ದು ಗೆದ್ದು ಬಾಯಿ ಮುಚ್ಚುತ್ತದೆ. 2004ರ ಬೇಟೆ ಕಾಯ್ದೆ ಬಂದ ಮೇಲೂ ಅಲ್ಲಿ ಜಮೀನಿನವರ ಒಪ್ಪಿಗೆಯಿದ್ದರೆ ರ‍್ಯಾಬಿಟ್ ಹಿಂದೆ ನಾಯಿ ಬಿಡಬಹುದು. ಅದು ಅವರ ಹೊಲ ಹಾಳುಮಾಡುವ ಪ್ರಾಣಿ. ನಮ್ಮ ಬಯಲಿನ ಮೊಲ ಬೇರೆ ಪ್ರಾಣಿ, ನಮ್ಮ ಕಾನೂನೂ ಬೇರೆ. ಆ ಮದ್ದನ್ನು ಹಾಗೇ ಇಲ್ಲಿಗೆ ತರಲು ಆಗುವುದಿಲ್ಲ.

ಆದರೆ ಅದರ ಒಳಗಿನ ಮಾತು ಸರಿ ಅನ್ನಿಸಿತು. ನಾಯಿ ಕೂಗುತ್ತಿರುವುದು ಸೋಲಿಗೆ. ಅದಕ್ಕೆ ಗೆಲುವು ಬೇಕು. ಗೆಲುವು ಮೊಲದಿಂದಲೇ ಬರಬೇಕಾ? ಮುಂದೆ ಎಳೆದು ಓಡಿಸುವ ಒಂದು ಚಿಂದಿಯಿಂದ ಬಂದರೂ ಸಾಕಲ್ವಾ?

ಸಣ್ಣ ಜಾಗದಲ್ಲಿ ಮಾಡುವ ವಿಧಾನ: ಆರಡಿ ಬಿದಿರು ಕೋಲು, ತುದಿಗೆ ಎಂಟಡಿ ಹಗ್ಗ, ಅದರ ತುದಿಗೆ ಗೋಣಿಚೀಲದ ತುಂಡು. ನಡುವೆ ನಿಂತು ನೆಲದ ಮೇಲೆ ಎಳೆದಾಡಿಸಿ. ಐದು ನಿಮಿಷ ಸಾಕು. ಗರಗರ ಸುತ್ತಿಸಬೇಡಿ, ಕಾಲಿನ ಕೀಲಿಗೆ ಕೆಟ್ಟದ್ದು. ಸಿಮೆಂಟಿನ ಮೇಲೆ ಬೇಡವೇ ಬೇಡ.

ಜಾಗ ಇದ್ದವರಿಗೆ ಸೈಕಲ್ ವಿಧಾನ ಹೇಳುತ್ತೇನೆ. ಹಳೆಯ ಸೈಕಲ್ ತಲೆಕೆಳಗು ಮಾಡಿ. ಹಿಂದಿನ ಚಕ್ರದ ಟೈರು ಟ್ಯೂಬು ತೆಗೆಯಿರಿ. ಬರಿಯ ರಿಮ್ಮಿನ ನಡುವಿನ ತಗ್ಗಿಗೆ ತೆಳ್ಳಗಿನ ನೈಲಾನ್ ದಾರದ ತುದಿ ಕಟ್ಟಿ. ಐವತ್ತು ಮೀಟರ್ ದಾರವನ್ನು ಹೊಲದ ಆ ಕಡೆಗೆ ನೇರಕ್ಕೆ ಎಳೆದುಕೊಂಡು ಹೋಗಿ. ಆ ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಗಂಟು ಹಾಕಿ. ಕಣ್ಣಿನ ನಾಯಿಗೆ ಬಿಳಿ ಚೆನ್ನಾಗಿ ಕಾಣುತ್ತದೆ. ಹೊರದೇಶದ ಚಿಂದಿ ಓಟದ ಪಂದ್ಯಗಳಲ್ಲೂ ಬಿಳಿ ಪ್ಲಾಸ್ಟಿಕ್ಕೇ ಕಟ್ಟುತ್ತಾರೆ. ನೀವು ನಾಯಿಯ ಜೊತೆ ಅಲ್ಲಿ ನಿಲ್ಲಿ. ಮನೆಯ ಹುಡುಗ ಇಲ್ಲಿ ಪೆಡಲ್ ತಿರುಗಿಸಲಿ. ಚೀಲ ಕೂಳೆಯ ಮೇಲೆ ಪುಟಿಯುತ್ತಾ ಓಡುತ್ತದೆ. ಮೊದಲ ದಿನ ಕೆಂಚಿ ಅದನ್ನು ನೋಡಿದ ರೀತಿ ನನಗಿನ್ನೂ ಕಣ್ಣಲ್ಲಿದೆ. ಮೈ ನೆಲಕ್ಕೆ ಇಳಿಯಿತು, ಕಿವಿ ಹಿಂದಕ್ಕೆ ಮಲಗಿತು. ಬಿಟ್ಟ ಕೂಡಲೇ ಬಾಣದ ಹಾಗೆ ಹೋದಳು. ಬಾಯಿಂದ ಒಂದು ಸದ್ದಿಲ್ಲ. ಮೂವತ್ತು ಮೀಟರ್ ಆದಮೇಲೆ ಒಂದು ಕಂಯ್ ಬಂತು, ಅಷ್ಟೊತ್ತಿಗೆ ಚೀಲ ಅವಳ ಬಾಯಲ್ಲಿತ್ತು.

ಪ್ರತಿ ಸಲ ಸಿಗಲೇಬೇಕು. ಇದೇ ಮುಖ್ಯ. ಆಟ ಮಜಾ ಇದೆ ಅಂತ ಹುಡುಗರು ಜೋರಾಗಿ ತಿರುಗಿಸಿ ನಾಯಿಯನ್ನು ಸೋಲಿಸುತ್ತಾರೆ. ಹಾಗೆ ಮಾಡಿದರೆ ಮೊಲದ ಹಿಂದೆ ಓಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಏನು? ಬೊಗಳು ಬಂದರೆ ದೂರ ಕಡಿಮೆ ಮಾಡಿ, ಬೇಗ ಸಿಗುವ ಹಾಗೆ ಮಾಡಿ. ಸಿಕ್ಕ ಮೇಲೆ ಸ್ವಲ್ಪ ಹೊತ್ತು ಕಚ್ಚಿ ಕೊಡವಲಿ. ಆಮೇಲೆ ಈಲಿ ಕೊಟ್ಟು ಚೀಲ ಬಿಡಿಸಿಕೊಳ್ಳಿ. ಪ್ಲಾಸ್ಟಿಕ್ ನುಂಗದ ಹಾಗೆ ನೋಡಿಕೊಳ್ಳಿ.

ಹಗ್ಗದಲ್ಲಿ ಹಿಡಿದಾಗ ಬೊಗಳುವ ನಾಯಿಗೆ ಒಂದು ಬದಲಾವಣೆ ಬೇಕು. ಕೂಗುತ್ತಿರುವಾಗ ಚಿಂದಿ ಅಲ್ಲಾಡಬಾರದು. ಎರಡು ಕ್ಷಣ ಸುಮ್ಮನಾಯಿತಾ, ಆಗ ಶುರು. ಬಾಯಿ ಮುಚ್ಚಿದರೆ ಓಟ ಸಿಗುತ್ತದೆ ಅಂತ ಅದಕ್ಕೆ ತಾನಾಗೇ ಹೊಳೆಯುತ್ತದೆ.

ವಾರಕ್ಕೆ ಎರಡು ದಿನ, ದಿನಕ್ಕೆ ಮೂರು ಓಟ ಸಾಕು. ಬೆಳಿಗ್ಗೆ ಏಳೂವರೆ ಒಳಗೆ ಮುಗಿಸಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಓಡಿದ ನಾಯಿ ಸತ್ತೇ ಹೋಗಬಹುದು. ಹೊಟ್ಟೆ ತುಂಬ ಉಂಡ ಮೇಲೆ ಬೇಡ, ಆಳ ಎದೆಯ ನಾಯಿಗಳಿಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಇದೆ. ಒಂದೂಕಾಲು ವರ್ಷ ತುಂಬದ ಮರಿಗೆ ಸೈಕಲ್ ವಿಧಾನ ಬೇಡ, ಕೋಲಿನದ್ದು, ಅದೂ ನಿಧಾನಕ್ಕೆ.

ಹಗ್ಗ ಮತ್ತು ಚಿಂದಿ, ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ? ಹತಾಶೆಯ ಬೊಗಳಿಗೆ ಚಿಂದಿ ಮೊದಲು. ಮೂರು ವಾರಕ್ಕೇ ಫರಕು ಕಾಣಿಸಿತು ನನಗೆ. ಆದರೆ ಸೀಟಿಯಿಲ್ಲದ ಚಿಂದಿ ಓಟ ನಾಯಿಯನ್ನು ಇನ್ನೂ ಚುರುಕು ಮಾಡಿ ಮೊಲದ ಹಿಂದೆ ಕಳಿಸೀತು. ಸೀಟಿಗೆ ಬಂದರೆ ಮಾತ್ರ ಚಿಂದಿ ಓಡಬೇಕು. ಆಗ ಓಟವೇ ತಿರುಗಿ ಬಂದಿದ್ದಕ್ಕೆ ಕೂಲಿ ಆಗುತ್ತದೆ. ಎರಡೂ ಜೊತೆಗಿದ್ದರೇ ಚೆನ್ನ.

ಬೀಗಲ್ ಸಾಕಿದವರಿಗೆ ಚಿಂದಿ ಅಷ್ಟು ಹಿಡಿಸುವುದಿಲ್ಲ. ಅದಕ್ಕೆ ಜಾಡು ಕೊಡಿ. ಒಣಮೀನನ್ನು ದಾರಕ್ಕೆ ಕಟ್ಟಿ ಹುಲ್ಲಿನ ಮೇಲೆ ಐವತ್ತು ಹೆಜ್ಜೆ ಅಡ್ಡಾದಿಡ್ಡಿ ಎಳೆದು, ಕೊನೆಯಲ್ಲಿ ಊಟದ ತಟ್ಟೆ ಇಡಿ. ಊಳು ನಿಲ್ಲುವುದಿಲ್ಲ. ಆದರೆ ಸುಸ್ತಾಗಿ ಮಲಗುತ್ತದೆ, ಪಕ್ಕದ ಮನೆಯವರಿಗೂ ನಿದ್ದೆ ಬರುತ್ತದೆ.

ಶಾಕ್ ಕಾಲರ್

ಇದನ್ನು ನಾನು ಮಾಡಬಾರದಿತ್ತು.

ಒಬ್ಬ ತರಬೇತುದಾರರು "ಎರಡು ದಿನದ ಕೆಲಸ" ಅಂದರು. ಗುಂಡಿ ಒತ್ತಿದರೆ ನಾಯಿಯ ಕುತ್ತಿಗೆಗೆ ಕರೆಂಟ್ ಹೊಡೆಯುವ ಪಟ್ಟಿ ಅದು. ಆನ್‌ಲೈನಿನಲ್ಲಿ ತರಿಸಿದೆ. ಮೊದಲ ದಿನ ಮೊಲ ಎದ್ದಿತು, ಕೆಂಚಿ ಓಡಿದಳು, ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಬೇಟೆಯ ಅಮಲಿನಲ್ಲಿರುವ ನಾಯಿಗೆ ಸಣ್ಣ ಶಾಕ್ ತಿಳಿಯುವುದೇ ಇಲ್ಲ. ಜಾಸ್ತಿ ಮಾಡಿದೆ. ಎರಡನೇ ದಿನ ಅವಳು ಬೇಲಿಯ ಹತ್ತಿರ ಕಿರುಚಿ ಮಗುಚಿ ಬಿದ್ದಳು. ಆ ಹೊತ್ತಿಗೆ ಅವಳ ಮುಂದೆ ಇದ್ದದ್ದು ಮೊಲ ಅಲ್ಲ, ನಮ್ಮ ಹಸುವಿನ ಕರು. ಮೊಲ ಯಾವಾಗಲೋ ಪೊದೆ ಸೇರಿತ್ತು. ಅಂದಿನಿಂದ ಅವಳು ಕೊಟ್ಟಿಗೆಯ ಹತ್ತಿರ ಬರಲಿಲ್ಲ. ಕರು ಕೂಗಿದರೆ ಮಂಚದಡಿ ಸೇರುತ್ತಿದ್ದಳು, ಉಚ್ಚೆ ಹೋಗುತ್ತಿದ್ದಳು. ಮೊಲ ಕಂಡರೆ ಮಾತ್ರ ಮೊದಲಿನ ಹಾಗೇ ಓಡುತ್ತಿದ್ದಳು, ಮೊದಲಿಗಿಂತ ಜೋರಾಗಿ ಕೂಗುತ್ತಾ. ಕರುವಿನ ಭಯ ಹೋಗಲು ಐದು ತಿಂಗಳು ಬೇಕಾಯಿತು. ಕಾಲರನ್ನು ಮಾರಲೂ ಇಲ್ಲ, ಬೇರೆ ಯಾರೂ ಬಳಸದಿರಲಿ ಅಂತ ಒಡೆದು ಹಾಕಿದೆ.

ಬೊಗಳಿದಾಗ ತಾನಾಗೇ ಶಾಕ್ ಕೊಡುವ ಕಾಲರ್ ಇನ್ನೂ ಕೆಟ್ಟದ್ದು. ಅದಕ್ಕೆ ಹಿಂದೆಮುಂದೆ ತಿಳಿಯುವುದಿಲ್ಲ, ನೋವಿನ ಕೂಗಿಗೂ ಮತ್ತೆ ಹೊಡೆಯಬಹುದು. ಬ್ರಿಟನ್ನಿನ ವೇಲ್ಸ್‌ನಲ್ಲಿ 2010ರಲ್ಲೇ ಇಂಥ ಕಾಲರ್‌ಗಳನ್ನು ನಿಷೇಧಿಸಿದ್ದಾರೆ. ದುಡ್ಡಿನ ಲೆಕ್ಕದಲ್ಲಿ ಹಗ್ಗ, ಸೀಟಿ, ಹಳೆ ಸೈಕಲ್ ಮೂರೂ ಸೇರಿದರೂ ಆ ಕಾಲರಿಗಿಂತ ಕಡಿಮೆ.

ಬಾಯಿಕುಕ್ಕೆ, ಸರಪಳಿ

ಬೊಗಳು ನಿಲ್ಲುವಷ್ಟು ಬಿಗಿಯಾದ ಬಾಯಿಕುಕ್ಕೆ ಹಾಕಿದರೆ ನಾಯಿ ಏದುಸಿರು ಬಿಡಲು ಆಗುವುದಿಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು. ಓಡುವ ನಾಯಿಗೆ ಅದನ್ನು ಹಾಕುವುದು ಅಂದರೆ ಕೊಲ್ಲುವುದೇ. ಬುಟ್ಟಿಯ ತರಹದ್ದರಲ್ಲಿ ಉಸಿರಾಡಬಹುದು, ಬೊಗಳಲೂಬಹುದು. ನಾಯಿ ನವಿಲನ್ನು ಕಚ್ಚದಿರಲಿ ಅಂತಾದರೆ ಸರಿ, ಬೊಗಳಿಗೆ ಮದ್ದಲ್ಲ.

ದಿನವಿಡೀ ಸರಪಳಿಯಲ್ಲಿ ಕಟ್ಟುವುದರಿಂದ ಹತಾಶೆ ಏರುತ್ತದೆ ಅಷ್ಟೆ. ಗಿಡ್ಡ ಇಲ್ಲವೇ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು.

ಬೇಲಿ

ಹಂದಿ, ಚಿರತೆ ಓಡಾಡುವ ಕಡೆ ಇದಕ್ಕೆ ಬೇರೆ ದಾರಿಯಿಲ್ಲ. ಆದರೆ ಲೆಕ್ಕ ನೋಡಿ. ಒಂದು ಎಕರೆ ಚೌಕದ ಸುತ್ತಳತೆ ಸುಮಾರು 835 ಅಡಿ. ಅಷ್ಟಕ್ಕೂ ಚೈನ್‌ಲಿಂಕ್ ಹಾಕಿಸಲು ಕೇಳಿದಾಗ ನನಗೆ ಹೇಳಿದ ಲೆಕ್ಕ ಲಕ್ಷ ದಾಟಿತು. ಐದಡಿ ಬೇಲಿಯನ್ನು ಮುಧೋಳ ನಾಯಿ ಹಾರಬಲ್ಲದು, ಆರಡಿಯಾದರೂ ಬೇಕು. ನಾನು ಮನೆ, ಕೊಟ್ಟಿಗೆ, ಒಂದಷ್ಟು ತೆಂಗಿನ ಮರ ಸೇರಿಸಿ ಕಾಲು ಎಕರೆಗೆ ಮಾತ್ರ ಹಾಕಿಸಿದೆ. ನೆಲದಿಂದ ಮೂರಡಿ ಎತ್ತರದವರೆಗೆ ತೆಂಗಿನ ಗರಿ ಹೆಣೆದು ಕಟ್ಟಿದೆ. ಆಚೆ ಓಡುವುದು ಕಾಣದಿದ್ದರೆ ಕಣ್ಣಿನ ನಾಯಿಗೆ ಕೂಗುವ ಕಾರಣವೇ ಇಲ್ಲ. ಬೀಗಲಿಗೆ ಗರಿ ಉಪಯೋಗವಿಲ್ಲ. ಅದರ ಮೂಗಿಗೆ ಗರಿ ಅಡ್ಡವಾಗುವುದಿಲ್ಲ.

ಹಂದಿಯ ವಿಷಯದಲ್ಲಿ ಮಾತ್ರ ನಾನು ಯಾವ ತರಬೇತಿಯನ್ನೂ ನಂಬುವುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ "ಏನು ಬೇಕು" ಅಂತ ಕೇಳಿದಾಗ, ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಸೆಣಸಿತು. ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿನ ಮೇಲೆ ನಾಯಿ ಹಂದಿ ಎದುರು ಬದುರಾಗಿ ಕಾದುತ್ತಿರುವುದನ್ನು ನೋಡಿದಾಗ ನನಗೆ ಹೆಮ್ಮೆಯ ಜೊತೆ ಹೆದರಿಕೆಯೂ ಆಯಿತು. ರಾಜನ ಮನೆಯ ನಾಯಿಯೇ ಉಳಿಯಲಿಲ್ಲ. ಈಗಂತೂ ಹಂದಿಯ ಕೋರೆಯ ಜೊತೆ ಹೊಲದ ಅಂಚಿನ ತಂತಿ ಉರುಳು, ಕರೆಂಟ್ ತಂತಿ, ಸಿಡಿಮದ್ದಿನ ಉಂಡೆ ಎಲ್ಲ ಇವೆ. ಸಂಜೆ ಆರಕ್ಕೆ ನಮ್ಮ ಗೇಟು ಬೀಳುತ್ತದೆ.

ಬೆಳೆ ಕಾಯಲು ನಾಯಿ ಸಾಕಿದ ರೈತರಿಗೆ ಬೊಗಳು ಬೇಕು, ಓಟ ಬೇಡ. ಅವರು ಬೊಗಳು ನಿಲ್ಲಿಸಲು ಹೋಗಲೇಬಾರದು. ಬೇಲಿಯ ಒಳಗಿಂದ ಬೊಗಳಿದಾಗ ಹೋಗಿ ಬೆನ್ನು ಸವರಿ, ಏನಾದರೂ ತಿನ್ನಲು ಕೊಡಿ. ನಾಯಿಗೆ ತನ್ನ ಕೆಲಸ ಎಲ್ಲಿವರೆಗೆ ಅಂತ ತಿಳಿಯುತ್ತದೆ. ಈ ಕೆಲಸಕ್ಕೆ ನಮ್ಮ ಊರುನಾಯಿಯೇ ಸರಿ, ಮುಧೋಳ ಬೇಡ.

ಗೆಜ್ಜೆ, ಜಿಪಿಎಸ್, ಇನ್ನೊಂದು ನಾಯಿ

ಕೊರಳಿಗೆ ಗೆಜ್ಜೆ ಕಟ್ಟುವುದು ನಾಯಿಯನ್ನು ಬದಲಿಸುವುದಿಲ್ಲ, ಆದರೆ ಕೌಜುಗ, ಮೊಲ, ನವಿಲಿನ ಮರಿಗೆ ಮುನ್ಸೂಚನೆ ಸಿಗುತ್ತದೆ. ನಮಗೂ ನಾಯಿ ಎಲ್ಲಿದೆ ತಿಳಿಯುತ್ತದೆ. ಐವತ್ತು ರೂಪಾಯಿಯ ಕೆಲಸ, ಎಲ್ಲರೂ ಮಾಡಿ. ಸಿಮ್ ಹಾಕುವ ಜಿಪಿಎಸ್ ಪಟ್ಟಿ ಊರಿನ ಹತ್ತಿರ ಉಪಯೋಗ, ನೆಟ್‌ವರ್ಕ್ ಇಲ್ಲದ ಹಳ್ಳದಲ್ಲಿ ಬರೀ ಭಾರ.

ಜೊತೆಗೊಂದು ನಾಯಿ ತಂದರೆ ಸಮಾಧಾನವಾಗುತ್ತದೆ ಅನ್ನುವವರಿದ್ದಾರೆ. ಆಗುವುದಿಲ್ಲ. ಎರಡು ಸೇರಿದರೆ ಧೈರ್ಯ ದುಪ್ಪಟ್ಟು, ಕೂಗೂ ದುಪ್ಪಟ್ಟು. ಸಂತಾನಹರಣ ಮಾಡಿಸಿ, ಅದು ಬೇರೆ ಕಾರಣಗಳಿಗೆ ಒಳ್ಳೆಯದು. ಬೇಟೆಯ ಹುಚ್ಚು ಅದರಿಂದ ಇಳಿಯುವುದಿಲ್ಲ.

ಇನ್ನೂ ನಾಯಿ ತರದವರಿಗೆ

ಮುಧೋಳ ನಾಯಿಗೆ ಹೆಸರು ಬಂದಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಸೇನೆಯೂ ತೆಗೆದುಕೊಂಡಿತು. ಬೆಂಗಳೂರಿನ ಫ್ಲ್ಯಾಟುಗಳಿಗೂ ಹೋಗುತ್ತಿದೆ. ದಿನಾ ಓಡಿಸಲು ಬೇಲಿಯಿರುವ ಜಾಗ ಇದ್ದರೆ ತನ್ನಿ. ಮನೆಯಲ್ಲಿ ಇದರಷ್ಟು ಸದ್ದಿಲ್ಲದ ನಾಯಿ ಕಡಿಮೆ. ಆದರೆ ಬೆಕ್ಕು ಕಂಡಾಗ ನಿಮ್ಮ ಕೂಗು ಕೇಳಿಸುವುದಿಲ್ಲ. ಬೀಗಲ್ ಚಿಕ್ಕದು, ಮುದ್ದು, ಆದರೆ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಅದರ ಊಳು ಜಗಳ ತರುತ್ತದೆ. ಎರಡರಲ್ಲಿ ಒಂದು ಅಂದರೆ, ಜಾಗ ಇದ್ದವರಿಗೆ ಮುಧೋಳ, ಸಮಯ ಇದ್ದವರಿಗೆ ಬೀಗಲ್. ಎರಡೂ ಇಲ್ಲದವರು ಬೀದಿಯಿಂದ ಒಂದು ಮರಿ ತಂದು ಸಾಕಿ.

ಮುಧೋಳವೇ ಬೇಕು ಅಂದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ, ಅಲ್ಲಿ ಮೊದಲು ವಿಚಾರಿಸಿ. ಬೇರೆ ಕಡೆ ಕೊಂಡರೆ ತಾಯಿ ನಾಯಿಯನ್ನು ನೋಡಿ, ಸಾಧ್ಯವಾದರೆ ಅದು ಓಡುವುದನ್ನೂ ನೋಡಿ. ಮರಿಯನ್ನು ಒಂದು ವರ್ಷ ತುಂಬುವವರೆಗೆ ತೆರೆದ ಹೊಲಕ್ಕೆ ಬಿಡಬೇಡಿ. ಊರಿನ ನಾಯಿಗಳ ಗುಂಪಿಗೆ ಸೇರಿಸಬೇಡಿ. ಈ ಎರಡು ಮಾಡಿದ್ದರೆ ನಾನು ಇಷ್ಟೆಲ್ಲ ಪಡಬೇಕಿರಲಿಲ್ಲ.

ಕೆಂಚಿಗೆ ಈಗ ನಾಲ್ಕು ವರ್ಷ. ಈ ಸಲ ರಾಗಿ ಕೊಯ್ಲಾದ ಮೇಲೆ ಅದೇ ಹೊಲಕ್ಕೆ ಹೋಗಿದ್ದೆವು. ಮೊಲ ಎದ್ದಿತು. ಅವಳ ಮುಂಗಾಲು ಮೇಲೆದ್ದಿತು. ಸೀಟಿ ಊದಿದೆ. ಒಂದು ಸಲ ಮೊಲದ ಕಡೆ, ಒಂದು ಸಲ ನನ್ನ ಕಡೆ ನೋಡಿ, ತಿರುಗಿ ಓಡಿ ಬಂದು ನನ್ನ ಹೆಗಲ ಚೀಲಕ್ಕೆ ಮೂತಿ ತುರುಕಿದಳು. ಚಿಂದಿ ಅದರಲ್ಲೇ ಇರುವುದು ಅವಳಿಗೆ ಗೊತ್ತು. ಮುಂಗುಸಿಗೆ ಮಾತ್ರ ಇನ್ನೂ ಕೂಗುತ್ತಾಳೆ, ಸೀಟಿಗೂ ಬಗ್ಗುವುದಿಲ್ಲ. ಹಾಗಾಗಿ ಹಳ್ಳದ ಬದಿಗೆ ಹೋಗುವ ದಿನ ಹಗ್ಗ ಹಾಕಿಯೇ ಕರೆದುಕೊಂಡು ಹೋಗುತ್ತೇನೆ.